ಬಾಗಿಲು ತಟ್ಟಿ ಒಳಹೋಗುವ ಜತ್ತಪ್ಪ ಗೌಡರು

ತಾನೇ ಬೆಳಿಗ್ಗೆ ಬೀಗ ತೆಗೆದ ಕೋಣೆ; ಒಳಗೆ ನರಪಿಳ್ಳೆ ಇಲ್ಲವೆಂದು ತನಗೇ ಗೊತ್ತಿರುವ ಕೋಣೆ; ಅದರೊಳಗೆ ಕಾಲಿಡುವಾಗಲೂ ಮೂರು ಸಲ ಬಾಗಿಲು ತಟ್ಟಿ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಹೊರಗೇ ನಿಂತು, ಆಮೇಲೆ ಮೆಲ್ಲನೆ ಬಾಗಿಲು ದೂಡುವ ಮನುಷ್ಯನನ್ನು ನಾನು ಈ ಅರುವತ್ತೇಳು ವರ್ಷಗಳಲ್ಲಿ ಕಂಡದ್ದು ಒಬ್ಬರನ್ನೇ. ಅವರು ಕೊಲ್ಲಮೊಗ್ರುವಿನ ಜತ್ತಪ್ಪ ಗೌಡರು. ಪುತ್ತೂರಿನ ಬಸ್‌ಸ್ಟ್ಯಾಂಡಿಗೆ ಕೂಗಳತೆಯಲ್ಲಿ, ಒಂದು ಹಳೇ ಕಟ್ಟಡದ ಮೇಲಂತಸ್ತಿನಲ್ಲಿ, ತೀರಿಹೋದ ಆದಂ ಕುಂಞಿಯವರು ಕಟ್ಟಿ ಬೆಳೆಸಿದ ಫೋಟೋ ಸ್ಟುಡಿಯೋ ಇದೆ. ಅದರ ಹಿಂಬದಿಯ ಕಿರುಕೋಣೆಯಲ್ಲಿ ನಲುವತ್ತು ವರ್ಷಗಳ ಮದುವೆ, ನಿಕಾಹ್, ಬಾರಸೆ, ಗೃಹಪ್ರವೇಶಗಳ ಚಿತ್ರಗಳನ್ನೆಲ್ಲ ತುಂಬಿಕೊಂಡು ಒಂದು ಕಂಪ್ಯೂಟರು ಹಗಲಿರುಳು ಗುಂಯ್ಗುಡುತ್ತಿರುತ್ತದೆ. ಜತ್ತಪ್ಪ ಗೌಡರು ಅದರ ಕಾವಲುಗಾರರು.

ಮೂರು ವರ್ಷದ ಹಿಂದೆ, ನಮ್ಮೂರ ಶಾಲೆಯ ಸ್ಮರಣ ಸಂಚಿಕೆಗೆ ಹಳೇ ಫೋಟೋ ಬೇಕೆಂದು ಮೊದಲ ಸಲ ಅಲ್ಲಿಗೆ ಹೋದಾಗ ಈ ತಟ್ಟುವಿಕೆ ಕಂಡು ನನಗೆ ನಗು ತಡೆಯಲಾಗಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನಿಗೆ ಎದುರಿನವರನ್ನು ತಿದ್ದುವ ಚಟ ನಿವೃತ್ತಿಯಾದ ಮೇಲೂ ಬಿಡುವುದಿಲ್ಲ. "ಒಳಗೆ ಯಾರಾದರೂ ಮಲಗಿದ್ದಾರಾ ಗೌಡ್ರೆ?" ಎಂದು ಕೆಣಕಿದೆ.

"ಇದ್ರೆ ಅವರಿಗೆ ಗೊತ್ತಾಗ್ಲಿ ಅಂತ, ಮಾಸ್ಟ್ರೆ. ಇಲ್ಲದಿದ್ರೆ ನಮಗೆ ನಷ್ಟ ಎಂತ ಉಂಟು?" ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಆಳು ತೆಳ್ಳಗೆ, ಉದ್ದ. ಪುತ್ತೂರಿನ ಏಪ್ರಿಲ್ ಸೆಕೆಯಲ್ಲಿ ಊರಿಗೆ ಊರೇ ಬೆವರಿ ಮುದ್ದೆಯಾಗುತ್ತಿರುವಾಗಲೂ ಅವರ ಮೈಮೇಲೆ ಕಾಫಿ ಬಣ್ಣದ ಉಣ್ಣೆಯ ಕೋಟು. ಸುಳ್ಯದ ಕಡೆಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಮೂವತ್ತೊಂದು ವರ್ಷ ದುಡಿದವರು; ಯಂತ್ರಗಳಿಗಾಗಿ ತಣ್ಣಗಿಟ್ಟ ಕೋಣೆಗಳಲ್ಲಿ ಆಯುಷ್ಯ ಕಳೆದದ್ದರಿಂದ ಹುಟ್ಟಿದ ಚಳಿ ಆಮೇಲೆ ಮೈಯಿಂದ ಇಳಿಯಲೇ ಇಲ್ಲವಂತೆ. ನಡೆಯುವಾಗ ಪ್ರತಿ ಹೆಜ್ಜೆಗೂ ಪಾದವನ್ನು ಒಂದಿಷ್ಟು ಎತ್ತಿ ಇಡುತ್ತಿದ್ದರು. ಎಕ್ಸ್‌ಚೇಂಜಿನ ನೆಲದ ಮೇಲೆ ಹರಡಿದ ಕೇಬಲುಗಳನ್ನು ದಾಟಿ ದಾಟಿ ಬಂದ ನಡಿಗೆ ಅದು. ನೆಲ ಬರಿದಾಗಿದ್ದರೂ ಅಲ್ಲಿ ಏನೋ ಮಲಗಿದೆ, ಅದನ್ನು ಮೆಟ್ಟಬಾರದು ಎಂಬಂತೆ ಅವರು ಬರುವುದನ್ನು ನೋಡಿದರೆ, ನೋಡುತ್ತಿದ್ದವರೂ ತಮಗೆ ತಿಳಿಯದೆಯೇ ಕಾಲು ಹಿಂದೆಳೆದುಕೊಳ್ಳುತ್ತಿದ್ದರು.

ಅವರ ಕೆಲಸ ಏನೆಂದು ನನಗೆ ಅರ್ಥವಾಗಲು ಎರಡು ತಿಂಗಳು ಹಿಡಿಯಿತು. ಒಂದು ಮದುವೆಯ ಒಂದು ಚಿತ್ರದಲ್ಲಿ ಹದಿನಾರು ಜನ ಇರುತ್ತಾರೆ. ಅವರವರ ಹೆಸರಿನ ಕಡತದಲ್ಲಿ ಅದೇ ಚಿತ್ರವನ್ನು ಹದಿನಾರು ಸಲ ತುಂಬಿದರೆ ಕಂಪ್ಯೂಟರಿನ ಹೊಟ್ಟೆ ಒಡೆಯುತ್ತದೆ. ಆದ್ದರಿಂದ ಚಿತ್ರ ಒಂದು ಕಡೆ ಮಾತ್ರ. ಮಿಕ್ಕೆಲ್ಲ ಕಡೆ ಇರುವುದು ಆ ಚಿತ್ರದ ಜಾಗವನ್ನು ತೋರಿಸುವ ಸಿಂಬಾಲಿಕ್ ಲಿಂಕು. ಗೌಡರು ಅದನ್ನು ಚೀಟಿ ಎನ್ನುತ್ತಿದ್ದರು. "ಚೀಟಿಯಲ್ಲಿ ಚಿತ್ರ ಇಲ್ಲ ಮಾಸ್ಟ್ರೆ, ಚಿತ್ರ ಇರುವ ಜಾಗ ಬರ್ದದ್ದು ಉಂಟು. ನೀವು ಚೀಟಿ ಮುಟ್ಟಿದ್ರೆ ಅದು ಸೀದಾ ಆ ಜಾಗಕ್ಕೆ ಕರ್ಕೊಂಡು ಹೋಗ್ತದೆ. ಅಲ್ಲಿ ಈಗ ಯಾರಿದ್ದಾರೆ, ಇದ್ದಾರಾ ಇಲ್ವಾ, ಅದೆಲ್ಲ ಚೀಟಿಗೆ ಗೊತ್ತಿಲ್ಲ." ಆದಂ ಕುಂಞಿಯವರಿಗೆ ಪ್ರತಿ ರೋಲಿನ ಪ್ರತಿ ಚಿತ್ರದಲ್ಲಿರುವವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡುವ ಒಳ್ಳೆಯ ಅಭ್ಯಾಸವಿತ್ತು. ಎಕ್ಸ್‌ಚೇಂಜಿನಲ್ಲಿ ಕಲಿತ ಶೆಲ್ ಸ್ಕ್ರಿಪ್ಟಿನ ವಿದ್ಯೆಯಿಂದ, ಅಂದರೆ ಯಂತ್ರ ಸಾಲಾಗಿ ಓದಿ ಪಾಲಿಸುವ ಆಜ್ಞೆಗಳನ್ನು ಬರೆಯುವ ವಿದ್ಯೆಯಿಂದ, ಗೌಡರು ಆ ಹೆಸರುಗಳಿಗೆಲ್ಲ ಚೀಟಿ ಮಾಡಿಸಿದ್ದರು. ನಾಲ್ಕು ಮದುವೆಗಳ ಮೂಲೆಗಳಲ್ಲಿ ನಿಂತಿದ್ದ ನನ್ನ ಹೆಸರಿನಲ್ಲೂ ಅಲ್ಲಿ ನಾಲ್ಕು ಚೀಟಿಗಳಿದ್ದವು.

ಮಾತು ಕಡಿಮೆ. ಯಾರು ಬಂದು ಯಾವ ಚಿತ್ರ ಕೇಳಿದರೂ ಮೊದಲು ಮೌನ, ಆಮೇಲೆ ಕೀಲಿಗಳ ಟಕಟಕ, ಆಮೇಲೆ ತಕ್ಕಡಿಯಲ್ಲಿಟ್ಟು ತೂಗಿದಂತೆ ಒಂದೇ ಒಂದು ಶಬ್ದ: "ಉಂಟು." ಕಣ್ಣಿನಿಂದ ಕಾಣದೆ ಆ ಶಬ್ದವನ್ನು ಅವರು ಬಾಯಿಂದ ಬಿಟ್ಟವರಲ್ಲ. ಆದಂ ಕುಂಞಿಯವರ ಮಗ, ಈಗಿನ ಯಜಮಾನ ನಿಝಾಮ್, ಗಿರಾಕಿಯೊಬ್ಬರು ರಂಪ ಮಾಡುತ್ತಿದ್ದಾಗ "ಜತ್ತಪ್ಪಣ್ಣ, ಉಂಟು ಅಂತ ಒಂದು ಮಾತು ಹೇಳಿ ಮಾರಾಯ್ರೆ, ನಾಳೆ ನೋಡಿದ್ರಾಯ್ತು" ಎಂದು ಕೈಮುಗಿದದ್ದನ್ನು ನಾನೇ ಕಂಡಿದ್ದೇನೆ. ಗೌಡರು ಕೋಟಿನ ಗುಂಡಿ ಹಾಕಿಕೊಂಡು, "ಹುಡುಕುದು ಉಂಟು. ಚಿತ್ರ ಉಂಟಾ ಗೊತ್ತಿಲ್ಲ" ಎಂದು ಕೂತುಬಿಟ್ಟರು. ಗಿರಾಕಿ ಬೈಯುತ್ತಾ ಮೆಟ್ಟಿಲಿಳಿದು ಹೋದರು. ನಿಝಾಮ್ ಹಣೆ ಚಚ್ಚಿಕೊಂಡರು. ಇಂಥ ಸತ್ಯಸಂಧರ ಜೊತೆ ವ್ಯಾಪಾರ ಮಾಡುವುದು ಕಷ್ಟವೇ.

ಅವರ ಕೀಲಿಮಣೆಯಲ್ಲಿ ಒಂದು ಕೀಲಿ ಇರಲಿಲ್ಲ. ಓರೆಗೆರೆಯ ಕೀಲಿ, ಇಂಗ್ಲಿಷಿನಲ್ಲಿ ಸ್ಲ್ಯಾಶ್ ಎನ್ನುವುದು. ಅದನ್ನು ಅವರೇ ಕಿತ್ತು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು. ಜಾಗದ ವಿಳಾಸ ಬರೆಯಲು ಓರೆಗೆರೆ ಹೆಜ್ಜೆಹೆಜ್ಜೆಗೂ ಬೇಕು. ಬೇಕಾದಾಗಲೆಲ್ಲ ಅವರು ಜೇಬಿನಿಂದ ಒಂದು ಬೆಂಕಿಕಡ್ಡಿ ತೆಗೆದು, ಆ ಹೊಂಡದೊಳಗಿನ ರಬ್ಬರಿನ ಉಬ್ಬನ್ನು ಒತ್ತಿ, ಕಡ್ಡಿಯನ್ನು ಮತ್ತೆ ಜೇಬಿಗೆ ಹಾಕುತ್ತಿದ್ದರು. ಒಂದು ದಿನದಲ್ಲಿ ಇನ್ನೂರು ಸಲ ಹೀಗೆ ಮಾಡುವವರನ್ನು ನೋಡಿ ಸುಮ್ಮನಿರುವುದು ನನ್ನಿಂದಾಗದ ಕೆಲಸ. ಕೇಳಿದೆ.

ಸ್ಟುಡಿಯೋಗೆ ಸೇರಿದ ಮೊದಲ ವರ್ಷ, ತಪ್ಪಾಗಿ ಮಾಡಿದ ಒಂದು ಚೀಟಿಯನ್ನು ಅಳಿಸಲು ಹೊರಟು, ಅಭ್ಯಾಸಬಲದಿಂದ ಅದರ ಹೆಸರಿನ ಕೊನೆಗೊಂದು ಓರೆಗೆರೆ ಎಳೆದುಬಿಟ್ಟರಂತೆ. ಆ ಒಂದು ಗೆರೆಯಿಂದ ಆಜ್ಞೆ ಚೀಟಿಯ ಬಳಿ ನಿಲ್ಲದೆ, ಅದು ತೋರಿಸುತ್ತಿದ್ದ ಕಡತದೊಳಗೇ ಹೋಗಿ, ಅಲ್ಲಿದ್ದುದನ್ನೆಲ್ಲ ಗುಡಿಸಿ ಹಾಕಿತು. ಎರಡು ಸಾವಿರದ ಐದನೆಯ ಇಸವಿಯಲ್ಲಿ ಕೊಲ್ಲಮೊಗ್ರುವಿನಲ್ಲಿ ನಡೆದ ಒಂದು ಮದುವೆಯ, ಸ್ಕ್ಯಾನ್ ಮಾಡಿಟ್ಟಿದ್ದ ಇಡೀ ರೋಲು ಹೋಯಿತು. ಅದರ ನೆಗೆಟಿವುಗಳನ್ನು ಬೂಸಲು ಹಿಡಿದಿದೆಯೆಂದು ಅದಾಗಲೇ ಎಸೆದಾಗಿತ್ತು. "ಚೀಟಿಗಳು ಮಾತ್ರ ಹಾಗೇ ಉಳಿದ್ವು ಮಾಸ್ಟ್ರೆ. ಹೆಸರು ಉಂಟು. ಹೋಗಿ ನೋಡಿದ್ರೆ ಜಾಗ ಖಾಲಿ" ಎಂದು ಕಡ್ಡಿಯನ್ನು ಬೆರಳ ನಡುವೆ ತಿರುಗಿಸಿದರು.

ತೋರಿಸುವ ಜಾಗದಲ್ಲಿ ಏನೂ ಇಲ್ಲದ ಚೀಟಿ ಪರದೆಯ ಮೇಲೆ ಕೆಂಪಾಗಿ ಕಾಣುತ್ತದೆ. ಜೀವ ಇದ್ದದ್ದು ತಿಳಿನೀಲಿ. ಕೆಂಪಾದುದನ್ನು ಎಲ್ಲರೂ ಕಸವೆಂದು ಅಳಿಸುತ್ತಾರೆ. ಗೌಡರು ಅಳಿಸುತ್ತಿರಲಿಲ್ಲ. ಪ್ರತಿ ಶುಕ್ರವಾರ ಮಧ್ಯಾಹ್ನ, ನಿಝಾಮ್ ಜುಮಾ ನಮಾಜಿಗೆ ಹೋಗಿ, ಶಟರು ಅರ್ಧ ಕೆಳಗಿಳಿದು, ಸ್ಟುಡಿಯೋ ನಿಶ್ಶಬ್ದವಾದಾಗ ಅವರು ತಮ್ಮ ಸ್ಕ್ರಿಪ್ಟನ್ನು ಹೊರಡಿಸುತ್ತಿದ್ದರು. ಅದು ಲಕ್ಷಗಟ್ಟಲೆ ಚೀಟಿಗಳನ್ನು ಒಂದೊಂದಾಗಿ ಹಿಡಿದು ಹೋಗಿ ನೋಡಿ, ಬೇರೆಲ್ಲೂ ಒಂದು ಚಿತ್ರವೂ ಇಲ್ಲದೆ ಖಾಲಿ ಜಾಗವನ್ನಷ್ಟೇ ತೋರಿಸುವ ಹೆಸರುಗಳನ್ನು ಕೆಂಪಕ್ಷರದಲ್ಲಿ ಪಟ್ಟಿ ಮಾಡುತ್ತಿತ್ತು. ಗೌಡರು ಎದ್ದುನಿಂತು ಆ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿ ಮುಗಿದ ಮೇಲೆ ಸ್ಕ್ರಿಪ್ಟು ಐದು ನಿಮಿಷ ನಿದ್ದೆ ಮಾಡಬೇಕು. ಹಾಗೆಂದು ಅದರಲ್ಲೇ ಬರೆದಿದ್ದರು. ಅಷ್ಟು ಹೊತ್ತು ಕೋಣೆಯಲ್ಲಿ ಯಾರೂ ಇರುವಂತಿಲ್ಲ. ಬಾಗಿಲು ಹಾಕಿ ಹೊರಗಿನ ಬೆಂಚಿನ ಮೇಲೆ ಕೂತು, ಹೊತ್ತು ಕಳೆದ ಮೇಲೆ ಮೂರು ಸಲ ತಟ್ಟಿ ಒಳಹೋದರೆ, ಸ್ಕ್ರಿಪ್ಟು ಅದೇ ಪಟ್ಟಿಯನ್ನು ಎರಡನೆಯ ಸಲ ಪರೀಕ್ಷಿಸಿ ಮುಗಿಸಿರುತ್ತಿತ್ತು.

ಇದಕ್ಕೆ ಅವರಲ್ಲಿ ಯಂತ್ರದ ಕಾರಣವೊಂದು ಸಿದ್ಧವಾಗಿತ್ತು. ಹಳೇ ಡಿಸ್ಕುಗಳು ಎಚ್ಚರಗೊಳ್ಳಲು ತಡ ಮಾಡುತ್ತವೆ. ಮೊದಲ ಸಲಕ್ಕೆ ಇಲ್ಲವೆಂದು ಕಂಡದ್ದು ಎರಡನೆಯ ಸಲಕ್ಕೆ ಇರಬಹುದು. ಒಪ್ಪತಕ್ಕ ಮಾತೇ. ಆದರೆ ಅದಕ್ಕಾಗಿ ಹೆಸರು ಓದುವುದೇಕೆ, ಬಾಗಿಲು ಹಾಕುವುದೇಕೆ? ಸುಳ್ಯದ ಕಡೆಯ ಗೌಡರ ಮನೆಗಳಲ್ಲಿ ಗತಿಸಿದ ಹಿರಿಯರಿಗೆ ಬಡಿಸುವ ಕ್ರಮವನ್ನು ನೋಡಿದವರಿಗೆ ಈ ಪ್ರಶ್ನೆ ಬೇಕಾಗಿಲ್ಲ. ಒಳಕೋಣೆಯಲ್ಲಿ ಎಲೆ ಹಾಕಿ, ಬಡಿಸಿ, ಹೆಸರು ಹೇಳಿ ಕರೆದು, ಬಾಗಿಲೆಳೆದು ಎಲ್ಲರೂ ಹೊರಗೆ ಸುಮ್ಮನೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿಯೇ ಒಳಗೆ ಹೋಗುತ್ತಾರೆ. ಗೌಡರ ಸ್ಕ್ರಿಪ್ಟಿನಲ್ಲಿ ಡಿಸ್ಕಿನ ಕಾರಣ ಮೊದಲು ಬಂತೋ ಮನೆಯ ಕ್ರಮ ಮೊದಲು ಬಂತೋ ನನಗೆ ತಿಳಿಯದು, ಅವರಿಗೂ ತಿಳಿದಿರಲಿಕ್ಕಿಲ್ಲ.

ಆ ಬೆಂಚಿನ ಮೇಲೆ ತಿಂಗಳಿಗೊಂದು ಶುಕ್ರವಾರ ದುಗ್ಗಮ್ಮ ಕೂತಿರುತ್ತಿದ್ದರು. ಕೊಲ್ಲಮೊಗ್ರುವಿನಿಂದ ಸುಬ್ರಹ್ಮಣ್ಯ, ಕಡಬ ಸುತ್ತಿ ಎರಡು ಬಸ್ಸು ಬದಲಿಸಿ, ಕಣ್ಣಿನ ಡಾಕ್ಟರರಿಗೆ ತೋರಿಸಲು ತಿಂಗಳಿಗೊಮ್ಮೆ ಬರುವ ಹೆಂಗಸು. ಗ್ಲಾಕೋಮಾ; ದೃಷ್ಟಿ ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬಂದು ಈಗ ನಡುವಿನಲ್ಲಿ ಒಂದು ತೂತಿನಷ್ಟು ಉಳಿದಿತ್ತು. ಅವರ ಮಗಳು ಭವಿತಾ ಹದಿನೆಂಟಕ್ಕೆ ಮೆದುಳು ಜ್ವರ ಬಂದು ತೀರಿಕೊಂಡಿದ್ದಳು. ಅದಕ್ಕೆ ಮೂರು ತಿಂಗಳ ಹಿಂದೆ ನಡೆದಿದ್ದ ನೆರೆಮನೆಯ ಮದುವೆಯಲ್ಲಿ, ಹಿಂಬಾಗಿಲ ಬಳಿ ನಿಂತು ನಗುತ್ತಿದ್ದ ಅವಳನ್ನು ಆದಂ ಕುಂಞಿಯವರ ಕ್ಯಾಮೆರಾ ಹಿಡಿದಿತ್ತು. ಆ ಮನೆಯವರ ಆಲ್ಬಮಿನಲ್ಲಿ ಅದನ್ನು ದುಗ್ಗಮ್ಮ ಒಂದೇ ಸಲ ನೋಡಿದ್ದರು. ಆಲ್ಬಮು ಆಮೇಲೆ ಗೆದ್ದಲಿಗೆ ಹೋಯಿತು. "ಹಾಲ್‌ಟಿಕೆಟ್‌ನ ಫೋಟೋ ಉಂಟು ಮಾಸ್ಟ್ರೆ. ಅದ್ರಲ್ಲಿ ಅವಳು ಹೆದರಿದ್ದಾಳೆ. ನಂಗೆ ನಗುದು ಬೇಕು. ಕಣ್ಣು ಹೋಗುದ್ರೊಳಗೆ ಒಂದು ಸಲ ಸಾಕು" ಎಂದು ನನ್ನ ಬಳಿ ಹೇಳಿದ್ದರು.

ಹೌದು, ಗೌಡರು ಗುಡಿಸಿಹಾಕಿದ್ದು ಅದೇ ಮದುವೆಯ ರೋಲನ್ನು. ದುಗ್ಗಮ್ಮ ಮೊದಲ ಸಲ ಬಂದು ಕೇಳಿದ ದಿನವೇ ಅವರು ಪರದೆಯ ಮೇಲೆ ಕೆಂಪಾಗಿ ಕೂತಿದ್ದ ಹೆಸರನ್ನು ತೋರಿಸಿ, "ಹೆಸರು ಉಂಟು ದುಗ್ಗಕ್ಕ, ಚಿತ್ರ ಇಲ್ಲ. ಅಳಿಸಿದ್ದು ನಾನೇ" ಎಂದು ತಲೆ ತಗ್ಗಿಸಿದ್ದರಂತೆ. ದುಗ್ಗಮ್ಮ ಬೈಯಲಿಲ್ಲ, ಅಳಲೂ ಇಲ್ಲ. "ಹೆಸರು ಉಂಟಲ್ಲ. ಕರೀತಾ ಇರಿ ಜತ್ತಪ್ಪಣ್ಣ, ನಾನು ಹೊರಗೆ ಕೂತ್ಕೊಳ್ತೇನೆ" ಎಂದರಂತೆ. ಆ ಮಾತು ಬೈಗುಳಕ್ಕಿಂತ ಭಾರವಾಗಿ ಅವರ ಮೇಲೆ ಕೂತುಬಿಟ್ಟಿತು.

ಕಳೆದ ಜೂನಿನ ಒಂದು ಶುಕ್ರವಾರ. ಡಾಕ್ಟರರು ದೃಷ್ಟಿ ಇನ್ನು ಹೆಚ್ಚು ದಿನ ಉಳಿಯುವುದಿಲ್ಲವೆಂದು ಬೆಳಿಗ್ಗೆಯಷ್ಟೇ ಹೇಳಿದ್ದರು. ದುಗ್ಗಮ್ಮ ಔಷಧಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ಕೋಣೆಯೊಳಗೆ ಗೌಡರ ಬೆನ್ನ ಹಿಂದೆ ನಾನು ನಿಂತಿದ್ದೆ. ಪರದೆಯ ಮೇಲೆ ಏಳು ಕೆಂಪು ಹೆಸರುಗಳು. ಅವರು ಒಂದೊಂದನ್ನೇ ಓದಿದರು, ಏಳನೆಯದು ಭವಿತಾ. ಬಾಗಿಲೆಳೆದು ಹೊರಬಂದು ಕೂತೆವು. ಕೆಳಗೆ ಕಂಡಕ್ಟರನೊಬ್ಬ ಸುಳ್ಯ ಸುಳ್ಯ ಎಂದು ಕೂಗುತ್ತಿದ್ದವನು ಯಾಕೋ ನಿಲ್ಲಿಸಿದ. ಕೌಂಟರಿನಲ್ಲಿ ಗಾನಶ್ರೀ, ನೆಗೆಟಿವು ಸ್ಕ್ಯಾನ್ ಮಾಡುವ ಕೆಲಸದ ಹೆಂಗಸು, ತನ್ನ ಯಂತ್ರದ ಮುಂದೆ ಬಗ್ಗಿ ಕೂತಿದ್ದರು. ಹಾಕಿದ ಬಾಗಿಲ ಆಚೆ ಕಂಪ್ಯೂಟರಿನ ಗುಂಯ್‌ಶಬ್ದ ಒಮ್ಮೆ ಏರಿ, ಒಮ್ಮೆ ಇಳಿದು, ಮತ್ತೆ ಏರಿತು. ನನಗೆ ಒಳಗೆ ಯಾರೋ ಕೂತಿದ್ದಾರೆ ಅನ್ನಿಸಿತು. ತರ್ಕ, ಬುದ್ಧಿ, ಮೂವತ್ತು ವರ್ಷದ ಪಾಠ ಯಾವುದೂ ಆ ಐದು ನಿಮಿಷದಲ್ಲಿ ನನ್ನ ಕೈಹಿಡಿಯಲಿಲ್ಲವೆಂದು ನಾಚಿಕೆಯಿಲ್ಲದೆ ಹೇಳುತ್ತೇನೆ.

ಗೌಡರು ಎದ್ದು ಮೂರು ಸಲ ತಟ್ಟಿದರು. ನಿಂತರು. ಒಳಹೋದೆವು.

ಎರಡನೆಯ ಪಟ್ಟಿಯಲ್ಲಿ ಹೆಸರುಗಳು ಆರೇ ಇದ್ದವು.

ಅವರು ಬೆರಳಿಟ್ಟು ಎಣಿಸಿದರು, ಮತ್ತೆ ಎಣಿಸಿದರು. ಭವಿತಾಳ ಕಡತ ತೆರೆದರು. ವರ್ಷಗಟ್ಟಲೆ ಕೆಂಪಾಗಿದ್ದ ಆ ಚೀಟಿ ತಿಳಿನೀಲಿಯಾಗಿತ್ತು. ಗೌಡರು ಚೀಟಿಯನ್ನು ಮುಟ್ಟಲಿಲ್ಲ. ಬಾಗಿಲ ಕಡೆ ತಿರುಗಿ, "ದುಗ್ಗಕ್ಕ, ಒಳಗೆ ಬನ್ನಿ" ಎಂದು ಕರೆದರು. ಅವರು ಬಂದು ಕುರ್ಚಿಯಲ್ಲಿ ಕೂತ ಮೇಲೆಯೇ ತೆರೆದರು.

ಪರದೆ ತುಂಬ ಒಂದು ಮನೆಯ ಹಿಂಬದಿ ಬಂತು. ಮಣ್ಣಿನ ಜಗಲಿ, ಬೋರಲು ಹಾಕಿದ ಎರಡು ದೊಡ್ಡ ಚೆಂಬಿನ ಪಾತ್ರೆ, ಅರ್ಧ ತೆರೆದ ಮರದ ಬಾಗಿಲು, ಬಾಗಿಲ ಆಚೆ ಕತ್ತಲು. ಅಷ್ಟೇ. ಮನುಷ್ಯರೆಂಬವರು ಅದರಲ್ಲಿ ಯಾರೂ ಇರಲಿಲ್ಲ. ನನ್ನ ಕಣ್ಣು ಚೆನ್ನಾಗಿದೆ, ಕನ್ನಡಕ ಹೊಸದು. ಮೂಲೆಮೂಲೆಯೂ ನೋಡಿದೆ, ಯಾರೂ ಇರಲಿಲ್ಲ.

ದುಗ್ಗಮ್ಮ ಮೂಗು ತಾಗುವಷ್ಟು ಹತ್ತಿರ ಹೋಗಿ, ಬೀಗದ ತೂತಿನಿಂದ ನೋಡುವವರ ಹಾಗೆ ಮುಖವನ್ನು ಎಡದಿಂದ ಬಲಕ್ಕೆ ಸರಿಸುತ್ತಾ ಬಂದರು. ಬಾಗಿಲ ಕತ್ತಲು ಇರುವಲ್ಲಿ ಆ ಮುಖ ನಿಂತಿತು. ಆಮೇಲೆ ಅವರ ತುಟಿ ಅಗಲವಾಯಿತು.

"ನಗ್ತಾ ಇದ್ದಾಳೆ" ಎಂದರು. ಮತ್ತೆ, ಪರದೆಯಿಂದ ಕಣ್ಣು ಕೀಳದೆಯೇ, "ಉಂಟಲ್ಲ ಜತ್ತಪ್ಪಣ್ಣ? ನನ್ನ ಕಣ್ಣಿನ ಭ್ರಮೆ ಅಲ್ಲವಲ್ಲ?" ಎಂದು ಕೇಳಿದರು.

ನಾನು ಗೌಡರನ್ನು ನೋಡಿದೆ. ರಂಪ ಮಾಡುವ ಗಿರಾಕಿಯ ಮುಂದೆಯೂ ಕೈಮುಗಿದು ಬೇಡುವ ಯಜಮಾನನ ಮುಂದೆಯೂ ಕೊಡದಿದ್ದ ಆ ಶಬ್ದವನ್ನು ಈಗ ಈ ಹೆಂಗಸು ಕೇಳುತ್ತಿದ್ದರು. ಗೌಡರ ಕಣ್ಣು ಪರದೆಯ ಮೇಲೆ, ಆ ಬಾಗಿಲ ಮೇಲೆ ನೆಟ್ಟಿತ್ತು. ಕೈ ಕೋಟಿನ ಒಳಜೇಬಿಗೆ ಹೋಗಿ ಆ ಕಿತ್ತ ಕೀಲಿಯನ್ನು ಹಿಡಿದುಕೊಂಡದ್ದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು.

"ಉಂಟು" ಎಂದರು.

ಗಾನಶ್ರೀ ಹಿಂದಿನಿಂದ ಬಂದು ಇಣುಕಿ, ಏನೂ ಅರ್ಥವಾಗದೆ, "ಪ್ರಿಂಟ್ ತೆಗ್ದು ಕೊಡ್ಲಾ ಅಮ್ಮ?" ಎಂದು ಕೇಳಿದರು. ದುಗ್ಗಮ್ಮ ಸೆರಗಿನಿಂದ ಕಣ್ಣೊರಸಿಕೊಂಡು ಎದ್ದರು. "ಬೇಡ ಮಗಾ. ಮನೆಯವರಿಗೆ ಅದು ಕಾಣ್ಲಿಕ್ಕಿಲ್ಲ" ಎಂದು ಹೇಳಿ, ಕೊಡೆ ಊರಿಕೊಂಡು ಮೆಟ್ಟಿಲಿಳಿದು ಕಡಬದ ಬಸ್ಸಿಗೆ ಹೋದರು.

ಕಾರಣ ಸಂಜೆಯೊಳಗೆ ಸಿಕ್ಕಿತು. ಹಳೇ ಕಪಾಟಿನ ಡ್ರಾಯರಿನ ಹಿಂದೆ ಬಿದ್ದಿದ್ದ ನಾಲ್ಕು ಚಿತ್ರಗಳ ಒಂದು ನೆಗೆಟಿವು ತುಂಡು ಅಂದು ಬೆಳಿಗ್ಗೆ ಗಾನಶ್ರೀಗೆ ಸಿಕ್ಕಿತ್ತು; ಕವರಿನ ಮೇಲಿದ್ದ ರೋಲು ನಂಬರು ನೋಡಿ ಅವರು ಅದನ್ನು ಸ್ಕ್ಯಾನ್ ಮಾಡಿದ್ದರು; ನಾವು ಬೆಂಚಿನ ಮೇಲೆ ಕೂತಿದ್ದಾಗಲೇ ಅದು ತನ್ನ ಹಳೇ ಜಾಗಕ್ಕೆ ಹೋಗಿ ಬಿದ್ದಿತ್ತು. ಚೀಟಿಗೆ ಗೊತ್ತಿರುವುದು ಜಾಗ ಮಾತ್ರವಲ್ಲವೆ? ಜಾಗದಲ್ಲಿ ಏನೋ ಬಂದು ಕೂತದ್ದೇ ಜೀವ ಬಂತು. "ನಂಬ್ರ ಒಂದು ಜಾರಿದೆ ಮಾಸ್ಟ್ರೆ, ಅವಳ ಚಿತ್ರದ ನಂಬ್ರ ಇದಕ್ಕೆ ಬಿದ್ದಿದೆ" ಎಂದು ಗೌಡರು ತುಂಡನ್ನು ಬೆಳಕಿಗೆ ಹಿಡಿದರು. "ಅವಳಿದ್ದದ್ದು ಇದರ ಹಿಂದಿನ ಚಿತ್ರ. ಅದು ಬೇರೆ ತುಂಡಿನಲ್ಲಿ ಹೋಗಿದೆ. ಇದು ಅವಳು ನಕ್ಕು ಒಳಗೆ ಓಡಿದ ಮೇಲಿನದ್ದು." ಅವರೂ ಗಾನಶ್ರೀಯೂ ಮೂರು ದಿನ ಕಪಾಟುಗಳನ್ನೆಲ್ಲ ಬುಡಮೇಲು ಮಾಡಿ ಹುಡುಕಿದರು. ಆ ಇನ್ನೊಂದು ತುಂಡು ಸಿಗಲಿಲ್ಲ.

"ಹಾಗಾದರೆ ಉಂಟು ಅಂತ ಹೇಳಿದಿರಲ್ಲ?" ಎಂದೆ ನಾನು. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ.

ಗೌಡರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅಂದು ಮಾತ್ರ. "ಬಾಗಿಲು ಅರ್ಧ ತೆರೆದದ್ದು ನೀವೂ ಕಂಡಿದ್ದೀರಿ. ತಟ್ಟಿ ನೋಡಿದ್ದೀರಾ? ಒಳಗೆ ಯಾರೂ ಇಲ್ಲ ಅಂತ ನೀವು ಹೇಗೆ ಹೇಳುದು?" ಎಂದರು.

ಮಳೆಗಾಲ ಮುಗಿಯುವ ಮೊದಲೇ ದುಗ್ಗಮ್ಮನ ಎರಡೂ ಕಣ್ಣು ಪೂರ್ತಿ ಮುಚ್ಚಿದವು. ಅವರು ಈಗ ಪುತ್ತೂರಿಗೆ ಬರುವುದಿಲ್ಲ. ನಾನು ಮಾತ್ರ ಸ್ಮರಣ ಸಂಚಿಕೆ ಮುಗಿದು ಎಷ್ಟೋ ಕಾಲವಾದ ಮೇಲೂ ಶುಕ್ರವಾರ ಮಧ್ಯಾಹ್ನ ಏನಾದರೊಂದು ನೆಪ ಹೇಳಿ ಆ ಮೆಟ್ಟಿಲು ಹತ್ತುತ್ತೇನೆ. ಪರದೆಯ ಮೇಲೆ ಈಗ ಆರೇ ಕೆಂಪು ಹೆಸರುಗಳು. ಯಂತ್ರದ ಲೆಕ್ಕದಲ್ಲಿ ಭವಿತಾಳ ಚೀಟಿ ಸರಿಯಾಗಿದೆ. ಗೌಡರು ಎದ್ದುನಿಂತು ಆರನ್ನೂ ಓದುತ್ತಾರೆ. ಓದಿ ಮುಗಿಸಿ, ಕೋಟಿನ ಗುಂಡಿ ಹಾಕಿಕೊಂಡು, ಪರದೆಯ ಮೇಲೆ ಎಲ್ಲೂ ಇಲ್ಲದ ಏಳನೆಯ ಹೆಸರನ್ನೂ ಕರೆಯುತ್ತಾರೆ. ಆಮೇಲೆ ಬಾಗಿಲೆಳೆದು ಹೊರಗೆ ಬರುತ್ತಾರೆ. ಅವರು ಅಂದು ಆ ಕತ್ತಲಲ್ಲಿ ಏನನ್ನಾದರೂ ಕಂಡರೋ, ಆಯುಷ್ಯದಲ್ಲಿ ಒಂದೇ ಒಂದು ಸುಳ್ಳನ್ನು ಹೇಳಿ ಅದನ್ನು ಹೀಗೆ ವಾರವಾರವೂ ತೀರಿಸುತ್ತಿದ್ದಾರೋ, ನಾನು ಮತ್ತೆ ಕೇಳಿಲ್ಲ.

ಇದ್ದುದನ್ನು ಕಾಪಾಡುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಸನ್ಮಾನವೂ ಶಾಲೂ ಸಿಗುತ್ತದೆ. ಇದ್ದವರು ಹೋದ ಮೇಲೆ ಅವರಿದ್ದ ಜಾಗವನ್ನು ಕಾಯುವವರು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ಕಸವೆಂದು ಗುಡಿಸಿಬಿಡಬಹುದಾದ ಹೆಸರನ್ನು ಗುಡಿಸದೆ, ಬಾಯಿತುಂಬ ಕರೆದು, ಬಾಗಿಲ ಹೊರಗೆ ಕಾದು ಕೂರುವವರು. ಅವರ ಜೊತೆ ಕೂತರೆ ಬೆನ್ನುಹುರಿಯಲ್ಲಿ ಚಳಿ ಹರಿಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲೂ ಅವರೇಕೆ ಕೋಟು ಹಾಕುತ್ತಾರೆಂದು ಆಗ ಗೊತ್ತಾಗುತ್ತದೆ. ಆ ಯಂತ್ರದಲ್ಲಿ ನನ್ನ ಹೆಸರಿನ ಚೀಟಿಗಳೂ ನಾಲ್ಕಿವೆ. ಅವು ಕೆಂಪಾಗುವ ಶುಕ್ರವಾರ ಬಂದಾಗ ಇಂಥವರೊಬ್ಬರು ಎದ್ದುನಿಂತು ನನ್ನನ್ನೂ ಒಮ್ಮೆ ಕರೆಯಲಿ, ಐದು ನಿಮಿಷ ಕಾಯಲಿ, ಬಾಗಿಲು ತಟ್ಟದೆ ಒಳಗೆ ಬಾರದಿರಲಿ.